ಮಳೆಯ ಹೆಸರೂ ಮಳೆಯ ಅಳತೆಯೂ

ಹಿರೇನಲ್ಲೂರು ಕಡೂರು ತಾಲ್ಲೂಕಿನ ಒಂದು ಹೋಬಳಿಯ ಊರು. ನನ್ನ ಸೋದರತ್ತೆಯ ಮನೆ ಅಲ್ಲಿದೆ. ಈಚೆಗೆ ಒಂದು ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಎರಡು ದಿನ ಅವರ ಮನೆಯಲ್ಲಿ ಉಳಿಯುವ ಸಂದರ್ಭ ಬಂದಿತು. ಹೊಲದಲ್ಲಿ ಕಿತ್ತ ಈರುಳ್ಳಿ ಸಾಲುಸಾಲಾಗಿ ಒಣಗುತ್ತಿತ್ತು. ಅದೇ ಹೊಲದ ಮಗ್ಗುಲಲ್ಲಿ ರಾಗಿಯ ಪೈರು ಮಳೆಗಾಗಿ ಬಾಯಿಬಿಟ್ಟುಕೊಂಡು ನಿಂತಿತ್ತು. ಈರುಳ್ಳಿಗೆ ಮಳೆ ಬೇಡ. ರಾಗಿಗೆ ಮಳೆ ಬೇಕು. ಒಡತಿ ಒಬ್ಬಳೇ, ಆಕಾಶವೂ ಒಂದೇ.

ನಾನು ಕೈಯಲ್ಲಿದ್ದ ಫೋನು ನೋಡಿ, ಮುಂದಿನ ಏಳು ದಿನಗಳ ಹವಾಮಾನವನ್ನು ಓದಿ ಹೇಳಿದೆ: “ಅತ್ತೆ, ನಾಳೆಯಿಂದ ಮೂರು ದಿನ ಹಗುರ ಮಳೆ. ಸಾಧ್ಯತೆ ನೂರಕ್ಕೆ ಅರವತ್ತು.”

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಿರ್ಲಿ ಕಣಪ್ಪ, ಬರೋದು ಯಾವ ಮಳೆ? ಹುಬ್ಬೆ ಎಷ್ಟನೇ ಪಾದ ಈಗ?” ಎಂದರು.

ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನನಗೆ ಉತ್ತರ ಗೊತ್ತಿರಲಿಲ್ಲ. ಎದ್ದುಹೋಗಿ ಗೋಡೆಗೆ ನೇತುಹಾಕಿದ್ದ ಪಂಚಾಂಗವನ್ನು ನೋಡಬೇಕಾಯಿತು. ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಒಂದೇ ಆಕಾಶವನ್ನು ನಾವಿಬ್ಬರೂ ಎರಡು ಲೆಕ್ಕದಲ್ಲಿ ಓದುತ್ತಿದ್ದೆವು. ನನ್ನದು ಅಳತೆಯ ಲೆಕ್ಕ, ಅವರದು ಹೆಸರಿನ ಲೆಕ್ಕ. ಈ ಎರಡು ಲೆಕ್ಕಗಳಿಗೂ ಚರಿತ್ರೆಯಿದೆ. ಕಡೂರು ಸೀಮೆಯ ಮಟ್ಟಿಗೆ ಆ ಚರಿತ್ರೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ನೆಲದ ಮಾತು. ೧೮೬೩ರಲ್ಲಿ ಮೈಸೂರು ಸಂಸ್ಥಾನದಲ್ಲಿ ಜಿಲ್ಲೆಗಳನ್ನು ಹೊಸದಾಗಿ ವಿಂಗಡಿಸಿದಾಗ ನಮ್ಮ ಜಿಲ್ಲೆಗೆ ಕಡೂರು ಜಿಲ್ಲೆ ಎಂದು ಹೆಸರಾಯಿತು. ೧೮೬೫ರಲ್ಲಿ ಮುಖ್ಯ ಪಟ್ಟಣದ ಪಟ್ಟ ಚಿಕ್ಕಮಗಳೂರಿಗೆ ಹೋಯಿತಾದರೂ ೧೯೪೭ರವರೆಗೆ ಜಿಲ್ಲೆಯ ಹೆಸರು ಕಡೂರೇ ಆಗಿತ್ತು. ಹೀಗೆ ಹೆಸರು ಕೊಟ್ಟ ತಾಲ್ಲೂಕು ಮಳೆಯಲ್ಲಿ ಮಾತ್ರ ಜಿಲ್ಲೆಯ ಬಡ ಮಗಳು. ಶೃಂಗೇರಿಯಲ್ಲಿ ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಕಡೂರಿಗೆ ದೊರೆಯುವುದು ಸುಮಾರು ೬೦೦ ಮಿಲಿಮೀಟರು. ಅಡ್ಡ ನಿಂತಿರುವುದು ಬಾಬಾಬುಡನ್ ಗಿರಿ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡ ಘಟ್ಟವನ್ನು ಹತ್ತುತ್ತ ತಣ್ಣಗಾಗಿ, ತನ್ನ ಗಂಟನ್ನೆಲ್ಲ ಪಡುವಲ ಮಗ್ಗುಲಲ್ಲೇ ಸುರಿದುಬಿಡುತ್ತದೆ. ೬,೩೦೦ ಅಡಿಗೂ ಮಿಗಿಲಾದ ಮುಳ್ಳಯ್ಯನಗಿರಿಯನ್ನು ದಾಟಿ ಮೂಡಲಿಗೆ ಇಳಿಯುವ ಗಾಳಿಯಲ್ಲಿ ತಂಪು ಉಂಟು, ನೀರು ಕಡಿಮೆ. ಆದುದರಿಂದ ‘ಜಿಲ್ಲೆಯ ಸರಾಸರಿ ಮಳೆ’ ಎಂಬ ಮಾತು ಹಿರೇನಲ್ಲೂರಿನ ಒಕ್ಕಲಿಗನ ಪಾಲಿಗೆ ಕಾಗದದ ಮೇಲಿನ ಊಟ.

ಇಂಥ ನೆಲದಲ್ಲಿ ಒಟ್ಟು ಎಷ್ಟು ಮಳೆ ಬಂದಿತು ಎಂಬುದಕ್ಕಿಂತ ಯಾವಾಗ ಬಂದಿತು ಎಂಬುದೇ ದೊಡ್ಡ ಪ್ರಶ್ನೆ. ನಮ್ಮ ಹಿರಿಯರು ಮಳೆಗೆ ಹೆಸರಿಟ್ಟದ್ದು ಈ ‘ಯಾವಾಗ’ ಎಂಬುದನ್ನು ಹಿಡಿಯಲಿಕ್ಕೆ. ಸೂರ್ಯನು ವರ್ಷವೊಂದರಲ್ಲಿ ಇಪ್ಪತ್ತೇಳು ನಕ್ಷತ್ರಗಳನ್ನು ದಾಟುತ್ತಾನೆ. ಒಂದೊಂದರಲ್ಲಿ ಅವನ ವಾಸ ಸುಮಾರು ಹದಿಮೂರೂವರೆ ದಿನ. ಏಪ್ರಿಲ್ ನಡುವೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ತಿಂಗಳಲ್ಲಿ ಕೃತ್ತಿಕೆ, ರೋಹಿಣಿ. ಜೂನ್ ೮ರ ಸುಮಾರಿಗೆ ಮೃಗಶಿರ, ೨೨ರ ಸುಮಾರಿಗೆ ಆರಿದ್ರೆ. ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ. ಆಗಸ್ಟ್ ಅರ್ಧಕ್ಕೆ ಮಘೆ, ಕೊನೆಗೆ ಹುಬ್ಬೆ. ಸೆಪ್ಟೆಂಬರಿನಲ್ಲಿ ಉತ್ತರೆ, ಹಸ್ತ. ಅಕ್ಟೋಬರಿನಲ್ಲಿ ಚಿತ್ತೆ, ಸ್ವಾತಿ. ನವೆಂಬರಿನಲ್ಲಿ ವಿಶಾಖೆಗೆ ಬಂದರೆ ಮಳೆಯ ಲೆಕ್ಕ ಹೆಚ್ಚುಕಡಿಮೆ ಮುಗಿದಂತೆ. ಒಂದೊಂದು ಮಳೆಗೂ ನಾಲ್ಕು ಪಾದಗಳು. ಪಾದವೊಂದಕ್ಕೆ ಮೂರು ದಿನ, ಮೇಲೆ ಸುಮಾರು ಒಂಬತ್ತು ಗಂಟೆ. ವಾರದ ಮುನ್ಸೂಚನೆ ಎಂದು ನಾವು ಇಂದು ಕರೆಯುವುದು ಹಳೆಯ ಲೆಕ್ಕದಲ್ಲಿ ಎರಡು ಪಾದಗಳ ಮಾತು.

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆಯನ್ನು ಕೇಳದವರಾರು? ಆರಿದ್ರೆ ಆರದೆ ಹೊಯ್ಯುತ್ತದೆ ಎನ್ನುವುದೂ ಉಂಟು. ಪ್ರಾಸಕ್ಕಾಗಿ ಕಟ್ಟಿದ ಮಾತು ಎಂದು ಇವನ್ನು ತಳ್ಳಿಹಾಕುವುದು ಸುಲಭ. ಪ್ರಾಸ ನೆನಪಿನ ಹಗ್ಗ. ಓದುಬರಹವಿಲ್ಲದವನು ಇಡೀ ವರ್ಷದ ಕೃಷಿಪಂಚಾಂಗವನ್ನು ಆ ಹಗ್ಗದಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದನು. ಭರಣಿಯ ಮಳೆಗೆ ನೆಲ ಉತ್ತರೆ ಮುಂಗಾರಿಗೆ ಮಣ್ಣು ಹದವಾಗಿರುತ್ತದೆ. ಗಾದೆಯ ಒಳಗಿರುವ ತಿರುಳು ಅಷ್ಟೇ, ಆದರೆ ಅದು ಗಟ್ಟಿಯಾದ ತಿರುಳು.

ಮಳೆಯ ಬಗೆಗಳಿಗೆ ನಮ್ಮ ನುಡಿಯಲ್ಲಿರುವ ಹೆಸರುಗಳೂ ಬರಿಯ ಶಬ್ದಗಳಲ್ಲ. ಚೈತ್ರ ವೈಶಾಖಗಳ ಬಿಸಿಲಿಗೆ ನೆಲ ಕಾದು, ಮಧ್ಯಾಹ್ನದ ಹೊತ್ತಿಗೆ ಮೋಡ ಗೋಪುರದಂತೆ ಎದ್ದು, ಸಂಜೆಗೆ ಗುಡುಗು ಗಾಳಿಗಳೊಡನೆ ಸುರಿಯುವುದು ಅಡ್ಡಮಳೆ. ಆ ಗೋಪುರದ ತಲೆ ನೀರು ಹೆಪ್ಪುಗಟ್ಟುವ ಎತ್ತರಕ್ಕೆ ಏರಿದಾಗ ಹನಿ ಗಡ್ಡೆಯಾಗಿ, ಮೇಲೇರುವ ಗಾಳಿ ಅದನ್ನು ಹೊರಲಾರದಾದಾಗ ಆಲಿಕಲ್ಲಾಗಿ ಬೀಳುತ್ತದೆ. ಜುಲೈ ತಿಂಗಳಲ್ಲಿ ಗಿರಿಯನ್ನು ದಾಟಿ ಬಂದ ಮೋಡದ ಉಳಿಕೆ ದಿನವೆಲ್ಲ ಜಿನುಗುವುದು ಸೋನೆ; ಬಟ್ಟೆ ನೆನೆಯುತ್ತದೆ, ಬೇರು ನೆನೆಯುವುದಿಲ್ಲ. ಬಿಡದೆ ಹಿಡಿದರೆ ಜಡಿಮಳೆ. ಉಳುವಷ್ಟು, ಬಿತ್ತುವಷ್ಟು ತೇವವನ್ನು ನೆಲಕ್ಕೆ ಕೊಟ್ಟದ್ದು ಹದಮಳೆ. ಮುಂಗಾರು ಹಿಂದಿರುಗುವ ಹೊತ್ತಿನಲ್ಲಿ, ಬಂಗಾಳ ಕೊಲ್ಲಿಯ ಕಡೆಯಿಂದ ಮೋಡ ಬಂದು ಸುರಿಯುವುದು ಹಿಂಗಾರು. ಕಡೂರು ಸೀಮೆಗೆ ಮುಂಗಾರಿನ ಸೋನೆಗಿಂತ ಮೇ ತಿಂಗಳ ಗುಡುಗು ಮಳೆಯೂ ಸೆಪ್ಟೆಂಬರ್ ಅಕ್ಟೋಬರ್ ತಿಂಗಳ ಮಳೆಯೂ ಹೆಚ್ಚು ಆಸರೆ. ಹುಬ್ಬೆ ಉತ್ತರೆಗಳನ್ನು ಅತ್ತೆ ಕೇಳಿದ್ದು ಏಕೆಂದು ಈಗ ತಿಳಿಯಿತಷ್ಟೆ.

ಹೆಸರು ನಮ್ಮದು, ಅಳತೆ ಪಶ್ಚಿಮದವರದು ಎಂದು ಕೆಲವರು ಭಾವಿಸುವುದುಂಟು. ಅದು ನಿಜವಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚುಹಾಕಿಸಿದಾಗ ಲೋಕಕ್ಕೆ ತಿಳಿದ ಸಂಗತಿಗಳಲ್ಲಿ ಮಳೆಮಾಪಕವೂ ಒಂದು. ಅರಸನ ಕಣಜದ ಮುಂದೆ ಒಂದು ಮೊಳ ಬಾಯಿಯ ಕೊಳಗವನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ಆ ಗ್ರಂಥ ವಿಧಿಸುತ್ತದೆ. ಒಣಸೀಮೆಗೆ ಹದಿನಾರು ದ್ರೋಣ, ನೀರಿನ ಸೀಮೆಗೆ ಅದರ ಒಂದೂವರೆಯಷ್ಟು ಎಂದು ಲೆಕ್ಕವನ್ನೂ ಕೊಡುತ್ತದೆ. ಮಳೆಗಾಲದ ಮೊದಲ ತಿಂಗಳು ಮತ್ತು ಕೊನೆಯ ತಿಂಗಳುಗಳಲ್ಲಿ ಮೂರರಲ್ಲಿ ಒಂದು ಪಾಲು, ನಡುವಿನ ಎರಡು ತಿಂಗಳಲ್ಲಿ ಉಳಿದ ಎರಡು ಪಾಲು ಬಿದ್ದರೆ ಅದು ಒಳ್ಳೆಯ ವರ್ಷ. ಅಳೆಯುವುದನ್ನು ಬಲ್ಲ ಕೌಟಿಲ್ಯನೂ ಮೊತ್ತದ ಜೊತೆಗೆ ಹಂಚಿಕೆಯನ್ನು ನೋಡಿದನು ಎಂಬುದು ಇಲ್ಲಿ ಗಮನಿಸತಕ್ಕ ಅಂಶ. ದ್ರೋಣವೆಂದರೆ ಧಾನ್ಯದ ಅಳತೆ, ಕುಂಭವೂ ಅಳತೆಯೇ. ಧೋ ಎಂದು ಸುರಿಯುವುದನ್ನು ಇಂದಿಗೂ ‘ಕುಂಭದ್ರೋಣ ಮಳೆ’ ಎನ್ನುವ ನಾವು, ಅರಿಯದೆಯೇ ಎರಡು ಹಳೆಯ ಕೊಳಗಗಳನ್ನು ಹೊತ್ತು ತಿರುಗುತ್ತಿದ್ದೇವೆ.

ಕನ್ನಡವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಸುಮಾರು ಕ್ರಿ. ಶ. ೧೩೦೦ರಲ್ಲಿದ್ದ ಜೈನಕವಿ ರಟ್ಟಕವಿ ‘ರಟ್ಟಮತ’ವೆಂಬ ಗ್ರಂಥವನ್ನು ಬರೆದನು. ಮಳೆ, ಮಿಂಚು, ಭೂಕಂಪ, ಗ್ರಹಗತಿ, ಶಕುನ ಇವೇ ಅದರ ವಸ್ತು. ಮುಂದೆ ಅದು ತೆಲುಗಿಗೂ ಹೋಯಿತು. ಶಕುನಗಳನ್ನೆಲ್ಲ ನಾವು ಇಂದು ಒಪ್ಪಬೇಕಾಗಿಲ್ಲ. ಆದರೆ ಯುದ್ಧವನ್ನೂ ಶೃಂಗಾರವನ್ನೂ ಹಾಡುತ್ತಿದ್ದ ಕಾಲದಲ್ಲಿ ಮಳೆಗೆಂದೇ ಒಂದು ಕನ್ನಡ ಗ್ರಂಥ ಹುಟ್ಟಿತೆಂದರೆ, ಅದನ್ನು ಕೇಳುವ ಕಿವಿಗಳು ಇದ್ದವೆಂದೇ ಅರ್ಥ.

ಊರ ಜನಕ್ಕೆ ಗ್ರಂಥಕ್ಕಿಂತ ಹತ್ತಿರದ ಮಳೆಮಾಪಕ ಕೆರೆ. ಬಾಬಾಬುಡನ್ ಗಿರಿಯ ಮೂಡಲ ಮಗ್ಗುಲಲ್ಲಿ ಹುಟ್ಟುವ ವೇದಾ ನದಿಗೆ ಸಖರಾಯಪಟ್ಟಣದ ಬಳಿ ಅಯ್ಯನಕೆರೆ. ಅವತಿಗೆ ಮದಗದ ಕೆರೆ. ಅಯ್ಯನಕೆರೆಯನ್ನು ರುಕ್ಮಾಂಗದರಾಯ ಕಟ್ಟಿಸಿದನೆಂದು ಐತಿಹ್ಯ. ಹೊಯ್ಸಳರ ಕಾಲದಲ್ಲಿ, ೧೧೫೬ರಲ್ಲಿ, ಬಲ್ಲಪ್ಪ ದಂಡನಾಯಕ ಅದನ್ನು ಜೀರ್ಣೋದ್ಧಾರ ಮಾಡಿಸಿದನು. ಮದಗದ ಕೆರೆಗೆ ಮಳೆ ಬಂದ ಬಗೆಯನ್ನು ಹಾಡುವ ಜನಪದ ಗೀತೆ ನಾಡಿಗೆಲ್ಲ ಗೊತ್ತು. ಕೆರೆ ತುಂಬಿತು, ಕೋಡಿ ಬಿತ್ತು ಎಂದರೆ ಇಡೀ ಸೀಮೆಗೆ ಆ ವರ್ಷದ ವರದಿ ಮುಟ್ಟಿದಂತೆ. ವೇದಾವತಿಯ ಕೆಳಗಿನ ಹರಿವಿನಲ್ಲಿ, ಹಿರಿಯೂರಿನ ಬಳಿ ೧೯೦೭ರಲ್ಲಿ ಮುಗಿದ ವಾಣಿವಿಲಾಸ ಸಾಗರ ೧೯೩೩ರಲ್ಲಿ ಕೋಡಿ ಬಿದ್ದುದನ್ನು ಕಂಡ ಮಕ್ಕಳು ಅಜ್ಜ ಅಜ್ಜಿಯರಾಗಿ ಹೋದರು. ಮತ್ತೆ ಕೋಡಿ ಬಿದ್ದದ್ದು ೨೦೨೨ರಲ್ಲಿ. ಆ ಎಂಬತ್ತೊಂಬತ್ತು ವರ್ಷಗಳ ನಡುವಣ ಮೌನವೇ ನಮ್ಮ ಸೀಮೆಯ ಮಳೆಯ ಚರಿತ್ರೆ.

ಕೆರೆ ಹೇಳುವುದು ಮಳೆ ಬಿದ್ದ ಮೇಲೆ. ಬೀಳದೆ ಹೋದರೆ? ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಈ ಪ್ರಶ್ನೆ ಸಂಸ್ಥಾನದ ಎದೆಯ ಮೇಲೆ ಬಂದು ಕುಳಿತಿತು. ೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨. ಹತ್ತು ವರ್ಷಗಳ ಮೇಲೆ, ೧೮೮೧ರಲ್ಲಿ, ಅದು ೪೧,೮೬,೧೮೮. ಹೆಚ್ಚಬೇಕಾಗಿದ್ದ ಕಡೆ ಎಂಟೂಮುಕ್ಕಾಲು ಲಕ್ಷದಷ್ಟು ಜನ ಕಡಿಮೆಯಾಗಿದ್ದರು. ಹೆಸರಿನ ಲೆಕ್ಕ ಇಲ್ಲಿ ಸೋತಿತು. ಆರಿದ್ರೆ ಬಂದು ಹೋಯಿತು, ಮಘೆ ಬಂದು ಹೋಯಿತು. ಪಂಚಾಂಗದಲ್ಲಿ ಬಂದವೇ ಹೊರತು ಹೊಲಕ್ಕೆ ಬರಲಿಲ್ಲ.

ಭಾರತದ ಹವಾಮಾನ ಇಲಾಖೆ ೧೮೭೫ರಲ್ಲಿ ಹುಟ್ಟಿತ್ತು. ಕ್ಷಾಮದ ತರುವಾಯ ಅದರ ಮೇಲೆ ಬಿದ್ದ ಭಾರ ಬೇರೆಯೇ ಆಯಿತು: ಮಳೆ ಬರುವುದೋ ಇಲ್ಲವೋ ಮೊದಲೇ ಹೇಳಬೇಕು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ನಂಟು ಕಂಡು, ೧೮೮೬ರ ಜೂನ್ ೪ರಂದು ಮುಂಗಾರಿನ ಮುನ್ಸೂಚನೆಯನ್ನು ಕ್ರಮಬದ್ಧವಾಗಿ ಹೊರಡಿಸಲು ಮೊದಲುಮಾಡಿದನು. ೧೮೯೦ರ ದಶಕದಲ್ಲಿ ಮೈಸೂರು ಸಂಸ್ಥಾನವೂ ತನ್ನದೇ ಹವಾಮಾನ ವಿಭಾಗವನ್ನು ತೆರೆಯಿತು. ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳಾದವು. ಇದರ ಹೊಣೆ ಹೊತ್ತವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್. ತಾಲ್ಲೂಕು ತಾಲ್ಲೂಕುಗಳ ಮಳೆಯ ಲೆಕ್ಕ ಅಂದಿನಿಂದ ಅಚ್ಚಿನ ಮನೆಗೆ ಹೋಗತೊಡಗಿತು.

ತಾಲ್ಲೂಕು ಕಚೇರಿಯ ಅಂಗಳದಲ್ಲಿದ್ದ ಆ ಹಳೆಯ ಮಾಪಕ ನೋಡಲು ಸಾಮಾನ್ಯ ವಸ್ತು. ಐದು ಅಂಗುಲ ಬಾಯಿಯ ಆಲಿಕೆ, ಅದರ ಕೆಳಗೆ ನೀರು ಹಿಡಿಯುವ ಪಾತ್ರೆ, ಅಳೆಯಲು ಗೀರು ಹಾಕಿದ ಗಾಜಿನ ಲೋಟ. ಅಂಗುಲದ ನೂರನೆಯ ಒಂದು ಭಾಗಕ್ಕೆ ಸೆಂಟು ಎಂದು ಹೆಸರು. ನಮ್ಮ ಹಿರಿಯರು ‘ನಿನ್ನೆ ಐವತ್ತು ಸೆಂಟು ಹೊಯ್ತು’ ಎನ್ನುತ್ತಿದ್ದುದು ಇದೇ ಲೆಕ್ಕದಲ್ಲಿ. ಈಗಿನ ನಿಯಮದಂತೆ ಬೆಳಗ್ಗೆ ಎಂಟೂವರೆಗೆ ನೋಡಿ ಬರೆದದ್ದು ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಮಳೆ. ಸೋಮವಾರ ರಾತ್ರಿ ಬಿದ್ದುದು ಮಂಗಳವಾರದ ಖಾತೆಗೆ ಸೇರುತ್ತದೆ. ಎರಡೂವರೆ ಮಿಲಿಮೀಟರು ಬಿದ್ದರೆ ಅದು ಮಳೆಯ ದಿನ. ಹದಿನೈದೂವರೆಯವರೆಗೆ ಹಗುರ ಮಳೆ, ಅರವತ್ತನಾಲ್ಕೂವರೆಯ ಹತ್ತಿರದವರೆಗೆ ಸಾಧಾರಣ ಮಳೆ, ಅದರಾಚೆ ಭಾರಿ ಮಳೆ. ಹತ್ತು ಮಿಲಿಮೀಟರು ಅತ್ಯಲ್ಪವೆಂದು ಓದುಗರಿಗೆ ತೋರಬಹುದು. ಎಕರೆಯೊಂದರ ಮೇಲೆ ಬಿದ್ದರೆ ಅದು ನಲವತ್ತು ಸಾವಿರ ಲೀಟರು ನೀರು. ಯಾವ ಕೊಳವೆಬಾವಿಯೂ ಅಷ್ಟು ಸಮನಾಗಿ, ಅಷ್ಟು ಅಗ್ಗವಾಗಿ ಹೊಲಕ್ಕೆ ಹರಡಲಾರದು.

ಹಾಗಾದರೆ ಹೆಸರಿನ ಲೆಕ್ಕವನ್ನು ಬಿಟ್ಟು ಅಳತೆಯ ಲೆಕ್ಕವನ್ನೇ ಹಿಡಿಯಬಹುದಲ್ಲ? ಹೆಸರಿನ ವಿರುದ್ಧ ಇನ್ನೂ ಬಲವಾದ ಆಕ್ಷೇಪವೊಂದಿದೆ. ಅದನ್ನು ಮರೆಮಾಚದೆ ಹೇಳಬೇಕು. ನಮ್ಮ ಪಂಚಾಂಗದ ನಕ್ಷತ್ರವರ್ಷ ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಉದ್ದ. ಎಪ್ಪತ್ತೆರಡು ವರ್ಷಗಳಿಗೆ ಒಂದು ದಿನದ ಅಂತರ ಬೀಳುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ ೧೮೬೩ರ ಜನವರಿ ೧೨ ಮಕರ ಸಂಕ್ರಾಂತಿಯ ದಿನ. ಈಗ ಸಂಕ್ರಾಂತಿ ೧೪ ಇಲ್ಲವೆ ೧೫ಕ್ಕೆ ಬರುತ್ತದೆ. ಇದೇ ಲೆಕ್ಕವನ್ನು ಬಲ್ಲಪ್ಪ ದಂಡನಾಯಕನ ಕಾಲಕ್ಕೆ ಹಿಡಿದರೆ ಹನ್ನೆರಡು ದಿನಕ್ಕೂ ಮಿಕ್ಕಿದ ಅಂತರ, ಎಂದರೆ ಹತ್ತಿರಹತ್ತಿರ ಒಂದು ಇಡೀ ನಕ್ಷತ್ರ! ಇಂದು ನಾವು ಮೃಗಶಿರ ಎಂದು ಕರೆಯುವ ಮಳೆಯನ್ನು ಅಂದು ಅಯ್ಯನಕೆರೆಯ ಏರಿಯ ಮೇಲೆ ನಿಂತ ರೈತ ಆರಿದ್ರೆ ಎಂದು ಕರೆಯುತ್ತಿದ್ದನು. ಮಳೆ ತನ್ನ ಋತುವಿನಲ್ಲೇ ಇದೆ, ಹೆಸರು ಜಾರಿದೆ.

ಇದನ್ನು ತಿಳಿದಾಗ ನಾನು ಮೊದಲು ಸ್ವಲ್ಪ ನಿರಾಶನಾದೆ. ಆಮೇಲೆ ಯೋಚಿಸಿದಂತೆಲ್ಲ ಬೇರೆ ಅರ್ಥ ಹೊಳೆಯಿತು. ಹೆಸರು ಇಷ್ಟು ಜಾರಿದ್ದರೂ ಬೇಸಾಯ ಕೆಡಲಿಲ್ಲವಲ್ಲ, ಹೇಗೆ? ಒಕ್ಕಲಿಗರು ಗಾದೆಯನ್ನು ಕಣ್ಣುಮುಚ್ಚಿ ನಂಬಿದವರಲ್ಲ. ತಲೆಮಾರು ತಲೆಮಾರಿಗೆ ಅವರು ಆಕಾಶವನ್ನು ನೋಡಿ, ಮಣ್ಣನ್ನು ಹಿಸುಕಿ, ಬಿತ್ತನೆಯ ಹೊತ್ತನ್ನು ಸದ್ದಿಲ್ಲದೆ ಹೊಂದಿಸಿಕೊಂಡು ಬಂದರು. ಹೆಸರು ಅವರಿಗೆ ಬರಿಯ ಗೂಟ. ನೆನಪನ್ನು ಕಟ್ಟಲು ಬೇಕಾದದ್ದು. ಗೂಟವನ್ನು ಆಗಾಗ ಕಿತ್ತು ಬೇರೆಡೆ ನೆಡಬೇಕು ಎಂಬುದನ್ನು ಅವರು ಬಲ್ಲರು. ಗಾದೆಯನ್ನು ಪುಸ್ತಕದಲ್ಲಿ ಅಚ್ಚುಹಾಕಿ, ಅದು ಎಂದಿಗೂ ಬದಲಾಗದ ಸತ್ಯವೆಂದು ತರಗತಿಯಲ್ಲಿ ಹೇಳಿದವರು ನಾವು, ಓದಿದವರು.

ಅಳತೆಯ ಲೆಕ್ಕವೂ ಇಂದು ಬಹಳ ಮುಂದೆ ಬಂದಿದೆ. ೧೯೮೮ರಲ್ಲಿ ಬರದ ನಿಗಾ ಘಟಕವಾಗಿ ಆರಂಭವಾಗಿ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಸಂಸ್ಥೆ ಗ್ರಾಮಪಂಚಾಯಿತಿಗಳ ಮಟ್ಟದವರೆಗೆ ತಾನಾಗಿ ಲೆಕ್ಕ ಕಳಿಸುವ ಮಾಪಕಗಳನ್ನು ನೆಟ್ಟಿದೆ. ಕಾಲು ಗಂಟೆಗೊಮ್ಮೆ ಸುದ್ದಿ ಬೆಂಗಳೂರಿಗೆ ಮುಟ್ಟುತ್ತದೆ. ವಾರದಲ್ಲಿ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ರೈತರಿಗೆಂದೇ ಹವಾಮಾನದ ಸಲಹೆ ಹೊರಡುತ್ತದೆ. ೨೦೨೫ರ ಮೇ ತಿಂಗಳಲ್ಲಿ ಹವಾಮಾನ ಇಲಾಖೆ ದೇಶವನ್ನು ಆರು ಕಿಲೋಮೀಟರಿನ ಚೌಕಗಳಾಗಿ ಹೆಣೆದು ಲೆಕ್ಕ ಹಾಕುವ ಹೊಸ ಕ್ರಮವನ್ನು ಜಾರಿಗೆ ತಂದಿತು. ಮುಂಚೆ ಚೌಕ ಹನ್ನೆರಡು ಕಿಲೋಮೀಟರಿನದಾಗಿತ್ತು. ಇವೆಲ್ಲ ಬರಿಯ ಕುತೂಹಲದ ಸಂಗತಿಗಳಲ್ಲ. ಅಡಿಕೆಗೆ ಹವಾಮಾನ ಆಧಾರಿತ ವಿಮೆ ಮಾಡಿಸಿದವನಿಗೆ ಪರಿಹಾರ ಬರುವುದೂ ಬಾರದಿರುವುದೂ ಈ ಮಾಪಕ ಹೇಳಿದ ಅಂಕಿಯ ಮೇಲೆ. ೨೦೨೩ರಲ್ಲಿ ರಾಜ್ಯದ ೨೨೩ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ ನೋಡಿದ್ದೂ ಇಂಥ ಅಂಕಿಗಳನ್ನೇ: ಮಳೆಯ ಕೊರತೆ ಎಷ್ಟು, ನಡುವೆ ಎಷ್ಟು ವಾರ ಒಣಗಿತು. ಮೊತ್ತದ ಜೊತೆಗೆ ಹೊತ್ತನ್ನೂ ನೋಡಬೇಕೆಂಬ ಮಾತು ಕೊನೆಗೆ ಸರ್ಕಾರದ ಕಾಗದಕ್ಕೂ ಬಂದಿದೆ.

ಆದರೂ ಆರು ಕಿಲೋಮೀಟರಿನ ಚೌಕದೊಳಗೆ ಎಷ್ಟೋ ಹೊಲಗಳಿವೆ. ಗುಡುಗುಮೋಡ ಒಂದು ಊರನ್ನು ನೆನೆಸಿ ಇನ್ನೊಂದನ್ನು ಬಿಟ್ಟುಹೋಗಬಲ್ಲದು. ಮುನ್ಸೂಚನೆಯಲ್ಲಿ ‘ಅಲ್ಲಲ್ಲಿ ಮಳೆ’ ಎಂದರೆ ನಾಲ್ಕರಲ್ಲಿ ಒಂದು ಪಾಲು ಜಾಗಕ್ಕಿಂತ ಹೆಚ್ಚಿಗೆ ಬೀಳದು ಎಂದು ಅರ್ಥ; ಆ ಒಂದು ಪಾಲು ಯಾರದೆಂದು ಅದು ಹೇಳುವುದಿಲ್ಲ. ‘ನೂರಕ್ಕೆ ಅರವತ್ತು’ ಎಂದಾಗಲೂ ಉಳಿದ ನಲವತ್ತು ಅಲ್ಲೇ ಕುಳಿತಿರುತ್ತದೆ. ಏಳನೆಯ ದಿನದ ಮಾತಿಗಿಂತ ನಾಳೆಯ ಮಾತು ಗಟ್ಟಿ. ಇಷ್ಟನ್ನು ತಿಳಿದು ಓದುವವನಿಗೆ ಮುನ್ಸೂಚನೆ ನೆರವಾಗುತ್ತದೆ. ಭವಿಷ್ಯವಾಣಿಯೆಂದು ಓದುವವನು ಎರಡು ಸಲ ಮೋಸಹೋಗಿ ಮೂರನೆಯ ಸಲ ನೋಡುವುದನ್ನೇ ಬಿಡುತ್ತಾನೆ.

ಆ ದಿನ ಅತ್ತೆ ನನ್ನ ಫೋನಿನ ಮಾತನ್ನೂ ಬಿಡಲಿಲ್ಲ, ಪಂಚಾಂಗವನ್ನೂ ಬಿಡಲಿಲ್ಲ. ಹುಬ್ಬೆಯ ಎರಡನೆಯ ಪಾದ ನಡೆದಿತ್ತು. ಹೊತ್ತು ಮುಳುಗುವ ಮೊದಲು ಈರುಳ್ಳಿಯನ್ನು ಒಟ್ಟುಮಾಡಿಸಿ ಟಾರ್ಪಾಲು ಹೊದಿಸಿದರು. ರಾತ್ರಿ ಪಡುವಲಲ್ಲಿ ಮಿಂಚಿತು, ಗುಡುಗಿತು, ತಂಗಾಳಿಯೂ ಬೀಸಿತು. ಬೆಳಗ್ಗೆ ಅಂಗಳದ ಧೂಳು ಇದ್ದ ಹಾಗೆಯೇ ಇತ್ತು. ಪಕ್ಕದ ಊರಿನಲ್ಲಿ ಹದಮಳೆ ಆಗಿದೆ ಎಂದು ಹಾಲಿನವನು ಬಂದು ಹೇಳಿದ. ಈರುಳ್ಳಿ ಉಳಿದದ್ದಕ್ಕೆ ನೆಮ್ಮದಿಪಡಬೇಕೋ, ರಾಗಿ ಒಣಗುವುದಕ್ಕೆ ಮರುಗಬೇಕೋ ಎಂದು ತೋಚದೆ ನಾನು ಸುಮ್ಮನಿದ್ದೆ.

ಅತ್ತೆ ಕ್ಯಾಲೆಂಡರಿನ ಕಡೆ ನಡೆದು, ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಒಂದು ಸೊನ್ನೆ ಬರೆದರು. ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ತಿಂಗಳು ತಿಂಗಳಿನಲ್ಲೂ ಹಾಗೆಯೇ ಗುರುತುಗಳು: ಕೆಲವೆಡೆ ಸೊನ್ನೆ, ಕೆಲವೆಡೆ ‘ಸೋನೆ’, ಒಂದೆರಡು ಕಡೆ ‘ಹದ’. ಹಳೆಯ ವರ್ಷಗಳ ಕ್ಯಾಲೆಂಡರುಗಳನ್ನೂ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾರಂತೆ. “ಉತ್ತರೆ ಇನ್ನೂ ಐತಲ್ಲಪ್ಪ” ಎಂದು ಹೇಳಿ ಅವರು ಒಲೆ ಹಚ್ಚಲು ಒಳಗೆ ಹೋದರು.